ನಾಲ್ಕು ಮಳೆಗಾಲ ಮೂಲೆಯಲ್ಲಿದ್ದ ಚೈನ್ ಸಾ ಮತ್ತು ಅದನ್ನು ಎಬ್ಬಿಸಿದ ಸಕಲೇಶಪುರದ ರಿಪೇರಿ ಅಂಗಡಿ

ಟ್ಯಾಂಕಿನ ಮುಚ್ಚಳ ತಿರುಗಿಸಿದಾಗ ಮೂಗಿಗೆ ಬಡಿದದ್ದು ಪೆಟ್ರೋಲಿನ ವಾಸನೆಯಲ್ಲ, ಹಳೆಯ ವಾರ್ನಿಷ್ ಡಬ್ಬಿಯ ವಾಸನೆ. 2021ರ ಮೇ ತಿಂಗಳಲ್ಲಿ ಮರಗಸಿ (ನೆರಳು ಮರಗಳ ಕೊಂಬೆ ಕಡಿಯುವ ಕೆಲಸ) ಮುಗಿಸಿ ಚಿಕ್ಕಪ್ಪ ಒಳಗಿಟ್ಟ ಸ್ಟಿಲ್ ಕಂಪನಿಯ ಎಂಎಸ್ 180 ಚೈನ್ ಸಾ, ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್-ಆಯಿಲ್ ಮಿಶ್ರಣ ಉಳಿದಿದ್ದ ಹಾಗೆಯೇ, ನಮ್ಮ ಕಾಫಿ ಗೋದಾಮಿನ ಮೂಲೆಯಲ್ಲಿ ಗೊಬ್ಬರದ ಖಾಲಿ ಚೀಲಗಳ ಕೆಳಗೆ ನಾಲ್ಕು ಮಳೆಗಾಲ ಕಳೆದಿತ್ತು. ಚಿಕ್ಕಪ್ಪ ಹಾಸನದಲ್ಲಿ ನೆಲೆಸಿದ ಮೇಲೆ ಮರಗಸಿಯನ್ನು ಗುತ್ತಿಗೆಗೆ ಕೊಡುತ್ತಿದ್ದೆವು. ಗುತ್ತಿಗೆಯವರು ತಮ್ಮದೇ ಯಂತ್ರ ತರುತ್ತಿದ್ದುದರಿಂದ ನಮ್ಮದರ ನೆನಪೇ ಯಾರಿಗೂ ಬರಲಿಲ್ಲ. 2025ರ ಏಪ್ರಿಲ್‌ನಲ್ಲಿ ಹೂಮಳೆಯ ಜೊತೆ ಬೀಸಿದ ಗಾಳಿಗೆ ಎರಡು ಸಿಲ್ವರ್ ಓಕ್ ಮರಗಳು ಕಾಳುಮೆಣಸಿನ ಬಳ್ಳಿ ಸಮೇತ ಕಾಫಿ ಗಿಡಗಳ ಮೇಲೆ ಒರಗಿದಾಗ, ಗುತ್ತಿಗೆಯವರು ಹದಿನೈದು ದಿನ ಬರಲಾಗುವುದಿಲ್ಲ ಎಂದಾಗ, ಆ ಚೀಲಗಳನ್ನು ಸರಿಸಿ ನೋಡಿದೆ.

ಎಂಎಸ್ 180 ದೊಡ್ಡ ಯಂತ್ರವಲ್ಲ. 31.8 ಸಿಸಿ ಎಂಜಿನ್. ಬಾರ್ (ಚೈನ್ ಸುತ್ತುವ ಉದ್ದ ಪಟ್ಟಿ) ಮತ್ತು ಚೈನ್ ಬಿಟ್ಟು ತೂಕ 4 ಕೆಜಿಗೆ ಸ್ವಲ್ಪ ಕಡಿಮೆ. ದಿನವಿಡೀ ದಿಮ್ಮಿ ಕೊಯ್ಯುವವರಿಗೆ ಇದು ಸಾಲದು. ಆದರೆ ತೋಟದೊಳಗೆ ಬಿದ್ದ ಮರ ತುಂಡರಿಸಲು, ಹಾಲವಾಣದ ಕೊಂಬೆ ಇಳಿಸಲು, ಸೌದೆ ಮಾಡಲು ಇದಕ್ಕಿಂತ ಹೆಚ್ಚಿನದು ನಮ್ಮಂಥವರಿಗೆ ಬೇಕಿಲ್ಲ. ನಮ್ಮದನ್ನು ಕೊಂಡದ್ದು 2014ರಲ್ಲಿ. ಏಳು ವರ್ಷ ದೊಡ್ಡ ರಿಪೇರಿಯೇ ಇಲ್ಲದೆ ದುಡಿದ ಯಂತ್ರ ಅದು. ಆದ್ದರಿಂದಲೇ ಗುಜರಿಗೆ ಹಾಕಲು ಮನಸ್ಸು ಒಪ್ಪಲಿಲ್ಲ.

ಮೊದಲು ಒಯ್ದದ್ದು ಹತ್ತಿರದ ಇನ್ನೊಂದು ಊರಿನ ಅಂಗಡಿಗೆ. ಅಲ್ಲಿ ಟ್ಯಾಂಕಿನೊಳಗೆ ಏನಿದೆ ಎಂದು ಯಾರೂ ನೋಡಲಿಲ್ಲ. ಏರ್ ಫಿಲ್ಟರ್ ತೆಗೆದರು, ಕಾರ್ಬೊರೇಟರಿನ (ಪೆಟ್ರೋಲಿಗೆ ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗ) ಬಾಯಿಗೆ ಎಂಜಿನ್ ಹೊತ್ತಿಸುವ ಸ್ಪ್ರೇ ಹೊಡೆದರು, ಇಪ್ಪತ್ತೈದು ಮೂವತ್ತು ಸಲ ಸ್ಟಾರ್ಟರ್ ಹಗ್ಗ ಎಳೆದರು. ಸ್ಪ್ರೇ ಹೊಡೆದಾಗಲೆಲ್ಲ ಎಂಜಿನ್ ಎರಡು ಕ್ಷಣ ಅಬ್ಬರಿಸಿ ನಿಲ್ಲುತ್ತಿತ್ತು. ಕೊನೆಗೆ ಎಂಜಿನ್ನೇ ಹೋಗಿದೆ, 1,500 ರೂಪಾಯಿಗೆ ಬಿಟ್ಟುಬಿಡಿ, ಹೊಸದು ತರಿಸಿಕೊಡುತ್ತೇವೆ ಎಂದರು. ನನಗೆ ಬೇಸರವಾದದ್ದು ಆ ಮಾತಿಗಲ್ಲ, ಆ ಎಳೆತಗಳಿಗೆ. ಟು-ಸ್ಟ್ರೋಕ್ ಎಂಜಿನ್ನಿಗೆ ಆಯಿಲ್ ತುಂಬಿಡುವ ಬೇರೆ ತೊಟ್ಟಿ ಇರುವುದಿಲ್ಲ. ಪೆಟ್ರೋಲಿನ ಜೊತೆ ಬೆರೆತು ಬರುವ 2ಟಿ ಆಯಿಲೇ ಪಿಸ್ಟನ್ನಿಗೂ ಬೇರಿಂಗಿಗೂ ಇರುವ ಒಂದೇ ಜಿಡ್ಡು. ವರ್ಷಗಟ್ಟಲೆ ಒಣಗಿ ನಿಂತ ಎಂಜಿನ್ನನ್ನು ಬರೀ ಸ್ಪ್ರೇ ಮೇಲೆ ಓಡಿಸಿದರೆ ಸಿಲಿಂಡರಿನ ಗೋಡೆಯಲ್ಲಿ ಉಳಿದಿರುವ ತೆಳು ಪಸೆಯೂ ತೊಳೆದುಹೋಗುತ್ತದೆ. ಸತ್ತಿಲ್ಲದ ಎಂಜಿನ್ನನ್ನು ಸಾಯಿಸಲು ಇಷ್ಟು ಸಾಕು.

ಈ ಬರಹ ನಾನು ಎರಡನೆಯದಾಗಿ ಹೋದ ಅಂಗಡಿಯ ಬಗ್ಗೆ. ಸಕಲೇಶಪುರ ಪೇಟೆಯಲ್ಲಿ ಹೇಮಾವತಿ ಸೇತುವೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಒಂದು ಗ್ಯಾರೇಜಿನ ಹಿಂಬದಿಯಲ್ಲಿರುವ ಒಂದೇ ಶಟರಿನ ಜಾಗ ಅದು. ಬೋರ್ಡ್ ಇಲ್ಲ; ವೀಡ್ ಕಟರ್ ರಿಪೇರಿಯವರು ಎಂದು ಕೇಳಿದರೆ ತೋರಿಸುತ್ತಾರೆ. ಕೆಲಸ ಮಾಡುವವರು ಐವತ್ತು ದಾಟಿದ ಒಬ್ಬ ಮೆಕ್ಯಾನಿಕ್ ಮತ್ತು ಅವರ ಅಕ್ಕನ ಮಗ, ಇಬ್ಬರೇ.

ನಾನು ಯಂತ್ರವನ್ನು ಮೇಜಿನ ಮೇಲಿಟ್ಟು ಹಗ್ಗಕ್ಕೆ ಕೈ ಹಾಕಿದೆ. ಮೆಕ್ಯಾನಿಕ್ ಕೈ ಅಡ್ಡ ಹಿಡಿದರು. “ಎಳೀಬೇಡಿ ಸರ್, ಸ್ಟಾರ್ಟ್ ಮಾಡೋದು ಕೊನೇ ಕೆಲಸ. ಒಳಗೇನಿದೆ ಮೊದ್ಲು ನೋಡೋಣ.” ಈ ಅಂಗಡಿಗೆ ಹಳೆಯ ಚೈನ್ ಸಾ ಕೊಡಬಹುದು ಎಂದು ನಾನು ಧೈರ್ಯವಾಗಿ ಹೇಳುವುದಕ್ಕೆ ಮುಖ್ಯ ಕಾರಣ ಆ ಮಾತು, ಮತ್ತು ಆ ಮಾತಿಗೆ ತಕ್ಕಂತೆ ಅವರು ನಡೆದುಕೊಂಡ ಕ್ರಮ.

ಮೊದಲು ಟ್ಯಾಂಕಿನಲ್ಲಿದ್ದುದನ್ನು ಬಟ್ಟೆಯಲ್ಲಿ ಸೋಸಿ ಒಂದು ಗಾಜಿನ ಬಾಟಲಿಗೆ ಸುರಿದು ಕಿಟಕಿಯ ಮೇಲಿಟ್ಟರು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅದು ಎರಡು ಪದರವಾಯಿತು: ಮೇಲೆ ಕಡು ಚಹಾದ ಬಣ್ಣದ ದ್ರವ, ತಳದಲ್ಲಿ ಅಕ್ಕಿ ತೊಳೆದ ನೀರಿನಂತೆ ಮಸುಕಾದ ಎರಡು ಬೆರಳಿನಷ್ಟು ಪದರ. ನಮ್ಮ ಪೆಟ್ರೋಲಿನಲ್ಲಿ ಈಗ ಎಥನಾಲ್ ಬೆರೆತಿರುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿದ ನೀರು ಒಂದು ಮಿತಿ ದಾಟಿದಾಗ ನೀರು ಮತ್ತು ಎಥನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಮಲೆನಾಡಿನ ನಾಲ್ಕು ಮಳೆಗಾಲದ ತೇವ ಅದಕ್ಕೆ ಬೇಕಾದಷ್ಟಾಯಿತು. ಅದರಲ್ಲಿ ಅಪಾಯದ ಸಂಗತಿ ಇನ್ನೊಂದಿದೆ. 2ಟಿ ಆಯಿಲ್ ಪೆಟ್ರೋಲಿನ ಜೊತೆ ಮೇಲಿನ ಪದರದಲ್ಲೇ ಉಳಿಯುತ್ತದೆ, ಆದರೆ ಎಂಜಿನ್ನಿಗೆ ಇಂಧನ ಎಳೆಯುವ ಫಿಲ್ಟರ್ ತೂಕದ ತುಂಡಾಗಿ ಟ್ಯಾಂಕಿನ ತಳದಲ್ಲಿ ಬಿದ್ದಿರುತ್ತದೆ. ಅಂದರೆ ಯಂತ್ರ ಮೊದಲು ಕುಡಿಯುವುದು ಜಿಡ್ಡೇ ಇಲ್ಲದ ಆ ತಳದ ನೀರನ್ನು. 2023ರ ಫೆಬ್ರವರಿ 6ರಂದು ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಶೇಕಡಾ 20ರಷ್ಟು ಎಥನಾಲ್ ಇರುವ ಇ20 ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ ಮೇಲೆ ಬಂಕುಗಳಲ್ಲಿ ಅದೇ ಹೆಚ್ಚು ಸಿಗುತ್ತಿರುವುದರಿಂದ, ಯಂತ್ರದೊಳಗೆ ಪೆಟ್ರೋಲ್ ಬಿಟ್ಟು ಮರೆಯುವವರು ಈ ತೊಂದರೆಯನ್ನು ನೆನಪಿಡಬೇಕು. ತಯಾರಕರು ಮಿಶ್ರಣವನ್ನು 30 ದಿನಕ್ಕಿಂತ ಹೆಚ್ಚು ಇಡಬೇಡಿ ಎನ್ನುವುದು ಸುಮ್ಮನೆ ಅಲ್ಲ.

ಇಂಧನದ ಪೈಪ್ ಇನ್ನೂ ಕೆಟ್ಟ ಸ್ಥಿತಿಯಲ್ಲಿತ್ತು. ಬೆರಳಿನ ನಡುವೆ ಬಳುಕಬೇಕಾದ ರಬ್ಬರ್ ಅದು. ಮಡಚಿದ ಕೂಡಲೇ ಕೋಡುಬಳೆಯಂತೆ ಮುರಿಯಿತು. ಹೀಗೆ ಬಿರಿದ ಪೈಪ್ ಪೆಟ್ರೋಲಿನ ಜೊತೆ ಗಾಳಿಯನ್ನೂ ಎಳೆಯುತ್ತದೆ. ಪೆಟ್ರೋಲ್ ಕಡಿಮೆಯಾದರೆ ಆಯಿಲೂ ಕಡಿಮೆ, ಬಿಸಿ ಹೆಚ್ಚು. ಹೇಗೋ ಸ್ಟಾರ್ಟ್ ಆದ ಯಂತ್ರ ಎರಡನೆಯ ಮರ ಮುಗಿಯುವುದರೊಳಗೆ ಪಿಸ್ಟನ್ ಕಚ್ಚಿಕೊಂಡು ನಿಲ್ಲುವುದು ಹೀಗೆ. ಮೊದಲ ಅಂಗಡಿಯಲ್ಲಿ ಅದು ಸ್ಟಾರ್ಟ್ ಆಗದೇ ಇದ್ದದ್ದೇ ಒಳ್ಳೆಯದಾಯಿತು ಎಂದು ಆಗ ಅನ್ನಿಸಿತು.

ಆಮೇಲೆ ಸೈಲೆನ್ಸರ್ ಬಿಚ್ಚಿದರು. ಎಂಜಿನ್ ಉಳಿದಿದೆಯೇ ಇಲ್ಲವೇ ಎಂದು ತಿಳಿಯಲು ಇದಕ್ಕಿಂತ ಸುಲಭದ ದಾರಿಯಿಲ್ಲ, ಆದರೂ ಎಷ್ಟೋ ಜನ ಇದನ್ನು ಮಾಡುವುದಿಲ್ಲ. ಹೊಗೆ ಹೊರಬರುವ ಕಿಂಡಿಯ ಮೂಲಕ ಪಿಸ್ಟನ್ ಕಾಣಿಸುತ್ತದೆ. ಅಕ್ಕನ ಮಗ ಮೊಬೈಲಿನ ಟಾರ್ಚ್ ಹಿಡಿದ. ಮೆಕ್ಯಾನಿಕ್ ಫ್ಲೈವ್ಹೀಲನ್ನು (ಎಂಜಿನ್ ಜೊತೆ ತಿರುಗುವ ಭಾರದ ಚಕ್ರ) ಕೈಯಲ್ಲೇ ನಿಧಾನವಾಗಿ ತಿರುಗಿಸುತ್ತ ನನ್ನನ್ನು ಕರೆದು ತೋರಿಸಿದರು. ಪಿಸ್ಟನ್ನಿನ ಮೈ ಬೂದು ಬಣ್ಣಕ್ಕೆ ತಿರುಗಿದ್ದರೂ ನುಣುಪಾಗಿತ್ತು. ಮೇಲಿಂದ ಕೆಳಗೆ ಎಳೆದ ಗೀರುಗಳಿರಲಿಲ್ಲ. ಎಂಜಿನ್ ಹೋಗಿದೆ ಎಂದು ನಾನು ಕೇಳಿಸಿಕೊಂಡು ಬಂದಿದ್ದ ಮಾತು ಆ ಒಂದು ನೋಟಕ್ಕೆ ಸುಳ್ಳಾಯಿತು. ಕಿಡಿ ಕೊಡುವ ಸ್ಪಾರ್ಕ್ ಪ್ಲಗ್ ತೆಗೆದು ಸಿಲಿಂಡರಿಗೆ ನಾಲ್ಕು ಹನಿ 2ಟಿ ಆಯಿಲ್ ಬಿಟ್ಟು, ಪ್ಲಗ್ ಮತ್ತೆ ಹಾಕಿ, ಸ್ಟಾರ್ಟರ್ ಹಿಡಿಯಿಂದಲೇ ಯಂತ್ರವನ್ನು ಎತ್ತಿ ತೂಗಾಡಿಸಿದರು. ಕಂಪ್ರೆಷನ್ (ಸಿಲಿಂಡರಿನೊಳಗೆ ಪಿಸ್ಟನ್ ಕಟ್ಟುವ ಒತ್ತಡ) ಇಲ್ಲದಿದ್ದರೆ ಯಂತ್ರ ಸರ್ರನೆ ಕೆಳಗಿಳಿದುಬಿಡುತ್ತದೆ. ನಮ್ಮದು ಒಂದೊಂದು ಮೆಟ್ಟಿಲಿಗೂ ತಡೆದು ತಡೆದು ಇಳಿಯಿತು. ಗೇಜ್ ಹಾಕಿ ನೋಡಿದಾಗ ಒತ್ತಡ 140 ಪಿಎಸ್‌ಐ.

ಹಗ್ಗದ ಕವಚ ಬಿಚ್ಚಿದಾಗ ಕಂಡದ್ದು ನಾನು ಎಣಿಸದಿದ್ದ ಸಂಗತಿ. ಸಿಲಿಂಡರಿನ ತಂಪು ರೆಕ್ಕೆಗಳ ನಡುವೆ ಕುಂಬಾರ ಹುಳು ಮೂರು ಮಣ್ಣಿನ ಗೂಡು ಕಟ್ಟಿ, ಮರಿ ಹಾರಿಸಿ, ಬಿಟ್ಟು ಹೋಗಿತ್ತು. ಕಲ್ಲಿನಂತಾಗಿದ್ದ ಆ ಮಣ್ಣನ್ನು ಮರದ ಕಡ್ಡಿಯಿಂದ ಕೆದರಿ, ಬ್ರಷ್‌ನಿಂದ ಉಜ್ಜಿ, ಗಾಳಿ ಹೊಡೆದು ತೆಗೆಯಲು ಅರ್ಧ ಗಂಟೆ ಬೇಕಾಯಿತು. ಗಾಳಿಯಲ್ಲದೆ ಬೇರೆ ತಂಪು ಇಲ್ಲದ ಎಂಜಿನ್ನಿನ ಆ ಸಂದುಗಳು ಮುಚ್ಚಿದ್ದರೆ ಮಿಕ್ಕೆಲ್ಲ ರಿಪೇರಿಯೂ ವ್ಯರ್ಥವಾಗುತ್ತಿತ್ತು.

ಕಾರ್ಬೊರೇಟರಿನ ಕೆಲಸ ಮರುದಿನಕ್ಕೆ ಹೋಯಿತು. ಅದನ್ನು ನೋಡಲೆಂದೇ ಮತ್ತೆ ಹೋಗಿದ್ದೆ. ಬೈಕಿನ ಹಳೆಯ ಕಾರ್ಬೊರೇಟರಿನಲ್ಲಿ ತೇಲುವ ಫ್ಲೋಟ್ ಇರುತ್ತದೆ. ಬೈಕ್ ಅಡ್ಡ ಬಿದ್ದರೆ ಪೆಟ್ರೋಲ್ ಚೆಲ್ಲುತ್ತದೆ. ಚೈನ್ ಸಾ ಅಡ್ಡವಾಗಿ, ಓರೆಯಾಗಿ, ಎಲ್ಲ ಬಗೆಯಲ್ಲೂ ಕೆಲಸ ಮಾಡಬೇಕಾದ ಯಂತ್ರವಾದ್ದರಿಂದ ಅಲ್ಲಿ ಫ್ಲೋಟಿನ ಬದಲು ಎರಡು ತೆಳು ಡಯಾಫ್ರಾಮ್ ಹಾಳೆಗಳಿರುತ್ತವೆ. ಒಂದು, ಎಂಜಿನ್ನಿನ ಕ್ರ್ಯಾಂಕ್‌ಕೇಸಿನೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡಿದಾಗ ಏಳುವ ಒತ್ತಡದಿಂದ ಮಿಡಿಯುತ್ತ ಟ್ಯಾಂಕಿನಿಂದ ಪೆಟ್ರೋಲ್ ಎಳೆಯುವ ಪಂಪು; ಇನ್ನೊಂದು, ಎಂಜಿನ್ ಹೀರಿದಷ್ಟಕ್ಕೆ ತಕ್ಕಂತೆ ಸೂಜಿ ಕವಾಟವನ್ನು ತೆರೆದು ಇಂಧನವನ್ನು ಅಳೆದು ಬಿಡುವಂಥದ್ದು. ಬೆಂಕಿಪೆಟ್ಟಿಗೆಗಿಂತ ಸ್ವಲ್ಪ ದಪ್ಪವಾಗಿರುವ ಆ ಲೋಹದ ತುಂಡನ್ನು ಬಿಚ್ಚಿ, ಎರಡನೆಯ ಹಾಳೆಯನ್ನು ಅವರು ನನ್ನ ಅಂಗೈ ಮೇಲಿಟ್ಟರು. ಉಸಿರಿಗೂ ಅಲುಗಬೇಕಾದ ಹಾಳೆ ಸುಟ್ಟ ಹಪ್ಪಳದಂತೆ ಸೆಟೆದುಕೊಂಡಿತ್ತು. ಪಕ್ಕದಲ್ಲೇ ಹೊಸ ಹಾಳೆಯನ್ನಿಟ್ಟರು. ಬೆರಳು ತಾಗಿಸಿದರೆ ಅದು ಕೆಂಡಸಂಪಿಗೆಯ ಎಸಳಿನಂತೆ ಬಾಗಿತು. ಯಂತ್ರ ಏಕೆ ಸ್ಪ್ರೇ ಹೊಡೆದಾಗ ಮಾತ್ರ ಓಡಿ ನಿಲ್ಲುತ್ತಿತ್ತು ಎಂಬುದಕ್ಕೆ ಮತ್ತೆ ವಿವರಣೆ ಬೇಕಿರಲಿಲ್ಲ: ಕಿಡಿ ಇತ್ತು, ಕಂಪ್ರೆಷನ್ ಇತ್ತು, ಟ್ಯಾಂಕಿನಿಂದ ಇಂಧನ ಮಾತ್ರ ಮೇಲೆ ಬರುತ್ತಿರಲಿಲ್ಲ.

ಲೋಹದ ಮೈಯಲ್ಲಿ ಅಲ್ಲಲ್ಲಿ ಬಿಳಿ ಪುಡಿ ಕಟ್ಟಿತ್ತು, ತೂತುಗಳಲ್ಲಿ ಕಂದು ಅಂಟು. ಕಾರ್ಬೊರೇಟರ್ ಕ್ಲೀನರಿನಲ್ಲಿ ರಾತ್ರಿಯಿಡೀ ನೆನೆಸಿಟ್ಟು, ಆಮೇಲೆ ಅದನ್ನು ತೊಳೆದು, ಒಂದೊಂದು ತೂತಿಗೂ ಗಾಳಿ ಹಾಯಿಸಿ, ಬೆಳಕಿಗೆ ಹಿಡಿದು ನೋಡಿದರು. ತಂತಿ ತೂರಿಸಲಿಲ್ಲ. ಇಂಧನ ಚಿಮ್ಮುವ ಜೆಟ್ಟಿನ ತೂತು ಕೂದಲೆಳೆಯಷ್ಟು ಹಿಗ್ಗಿದರೂ ಅಳತೆ ಕೆಡುತ್ತದೆ ಎಂಬ ಕಾರಣಕ್ಕೆ ಅಕ್ಕನ ಮಗನಿಗೂ ಆ ಅಂಗಡಿಯಲ್ಲಿ ತಂತಿ ಮುಟ್ಟಲು ಬಿಡುವುದಿಲ್ಲವಂತೆ. ಕಡಿಮೆ ಬೆಲೆಯ ನಕಲಿ ಕಾರ್ಬೊರೇಟರನ್ನೇ ಇಡಿಯಾಗಿ ತಂದು ಕೂರಿಸಿದ್ದರೆ ಅವರಿಗೆ ಅರ್ಧ ಗಂಟೆಯ ಕೆಲಸ. ಹಾಗೇಕೆ ಮಾಡಲಿಲ್ಲ ಎಂದು ಕೇಳಿದೆ. “ಈ ಬಾಡಿ ಇನ್ನೂ ಹತ್ತು ವರ್ಷ ಬರುತ್ತೆ ಸರ್. ಆ ಹೊಸದು ಎಷ್ಟು ದಿನ ಬರುತ್ತೆ ಅಂತ ನಂಗೆ ಗೊತ್ತಿಲ್ಲ” ಎಂದರು. ಹಾಕಿದ್ದು ಹೊಸ ಡಯಾಫ್ರಾಮ್ ಕಿಟ್, ಹೊಸ ಪೈಪ್, ಹೊಸ ಇಂಧನ ಫಿಲ್ಟರ್. ಟ್ಯಾಂಕಿಗೆ ಗಾಳಿ ಬಿಡುವ ಸಣ್ಣ ಕವಾಟವನ್ನೂ ತೊಳೆದು ಹಾಕಿದರು.

ಪ್ಲಗ್ಗಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಹಳೆಯದರಲ್ಲಿ ಕಿಡಿ ಬರುತ್ತಿದ್ದರೂ ಹೊಸದನ್ನು ಫೀಲರ್ ಗೇಜಿನಲ್ಲಿ 0.5 ಮಿಮೀಗೆ ಹೊಂದಿಸಿ ಹಾಕಿದರು. ಕಿಡಿಗೆ ವಿದ್ಯುತ್ ಕೊಡುವ ಕಾಯಿಲಿನ ಎದುರು ಬರುವ ಫ್ಲೈವ್ಹೀಲಿನ ಅಯಸ್ಕಾಂತದ ಮೇಲಿದ್ದ ತುಕ್ಕನ್ನು ಎಮರಿ ಕಾಗದದಿಂದ ಉಜ್ಜಿ, ನಡುವೆ ಒಂದು ವಿಸಿಟಿಂಗ್ ಕಾರ್ಡ್ ಇಟ್ಟು ಅಂತರ ಸರಿಮಾಡಿದರು.

ಬಾರ್ ಮತ್ತು ಚೈನಿನ ವಿಷಯದಲ್ಲಿ ತಪ್ಪು ನಮ್ಮದೇ. ಚೈನ್ ಆಯಿಲ್ ಬದಲು ಟ್ರ್ಯಾಕ್ಟರಿನಿಂದ ಇಳಿಸಿದ ವೇಸ್ಟ್ ಆಯಿಲ್ ಹಾಕುವ ರೂಢಿ ನಮ್ಮ ಕಡೆ ಬಹಳ. ಚಿಕ್ಕಪ್ಪನೂ ಅದನ್ನೇ ಹಾಕಿದ್ದರು. ಮರದ ಹೊಟ್ಟಿನ ಜೊತೆ ಸೇರಿ ಅದು ಬಾರಿನ ಅಂಚಿನ ತೋಡಿನಲ್ಲಿ ಡಾಂಬರಿನಂತೆ ಕೂತಿತ್ತು, ಆಯಿಲ್ ಬರುವ ತೂತು ಪೂರ್ತಿ ಮುಚ್ಚಿತ್ತು. ಅದನ್ನೆಲ್ಲ ಕೆರೆದು, ಪಂಪ್ ತೊಳೆದು, 4 ಮಿಮೀ ದುಂಡು ಅರದಿಂದ ಪ್ರತಿ ಹಲ್ಲಿಗೂ ಎಣಿಸಿ ಅಷ್ಟಷ್ಟೇ ಸಲ ಎಳೆದು ಚೈನ್ ಹರಿತ ಮಾಡಿದರು. ಅವರು ಅರ ಎಳೆಯುವುದನ್ನು ನೋಡುವುದೇ ಒಂದು ಪಾಠ: ಮುಂದಕ್ಕೆ ಮಾತ್ರ ಒತ್ತು, ಹಿಂದಕ್ಕೆ ತರುವಾಗ ಎತ್ತಿ ತರುತ್ತಾರೆ, ಒಂದು ಬದಿಯ ಹಲ್ಲುಗಳನ್ನು ಪೂರ್ತಿ ಮುಗಿಸಿಯೇ ಇನ್ನೊಂದು ಬದಿಗೆ ತಿರುಗುತ್ತಾರೆ.

ಇಷ್ಟೆಲ್ಲ ಆದ ಮೇಲೆಯೇ ಹೊಸ ಮಿಶ್ರಣ ಬಂತು. 1 ಲೀಟರ್ ಪೆಟ್ರೋಲಿಗೆ 20 ಮಿಲೀ ಒಳ್ಳೆಯ ಟು-ಸ್ಟ್ರೋಕ್ ಆಯಿಲ್, ಅಂದರೆ 50ಕ್ಕೆ 1. ಅಂದಾಜಿಗೆ ಮುಚ್ಚಳದಲ್ಲಿ ಸುರಿಯದೆ ಔಷಧಿ ಅಂಗಡಿಯ ಸಿರಿಂಜಿನಲ್ಲಿ ಅಳೆದು ಹಾಕಿದರು. ಯಂತ್ರವನ್ನು ನೆಲದ ಮೇಲಿಟ್ಟು, ಹಿಂಬದಿಯ ಹಿಡಿಯೊಳಗೆ ಬೂಟಿನ ತುದಿ ತೂರಿಸಿ, ಚೈನ್ ಬ್ರೇಕ್ ಹಾಕಿ, ಸನ್ನೆಯನ್ನು (ಲಿವರನ್ನು) ಚೋಕಿಗಿಳಿಸಿ ಎಳೆದರು. ಮೊದಲ ಕೆಲವು ಎಳೆತ ಖಾಲಿ ಪೈಪಿಗೆ ಪೆಟ್ರೋಲ್ ತುಂಬಲು ಹೋದವು. ಏಳನೆಯದಕ್ಕೆ ಯಂತ್ರ ಒಮ್ಮೆ ಕೆಮ್ಮಿತು. ಸನ್ನೆಯನ್ನು ಒಂದು ಮೆಟ್ಟಿಲು ಮೇಲೆತ್ತಿ ಇನ್ನೆರಡು ಸಲ ಎಳೆದಾಗ, ನಾಲ್ಕು ವರ್ಷದ ಮೇಲೆ, ಅದು ತನ್ನದೇ ಟ್ಯಾಂಕಿನ ಪೆಟ್ರೋಲಿನಿಂದ ಓಡಿತು. ಕಣ್ಣು ಕಟ್ಟುವಷ್ಟು ನೀಲಿ ಹೊಗೆ ಬಂತು. ಒಂದೆರಡು ನಿಮಿಷದಲ್ಲಿ ತಿಳಿಯಾಯಿತು. ನನಗಾದ ಸಂತೋಷವನ್ನು ನಾನು ಮುಚ್ಚಿಡಲಿಲ್ಲ. ಅಲ್ಲೇ ನಿಂತು ಚಿಕ್ಕಪ್ಪನಿಗೆ ಫೋನ್ ಮಾಡಿ ಆ ಸದ್ದು ಕೇಳಿಸಿದೆ.

ಅವರು ಆಗಲೂ ಯಂತ್ರ ಕೈಗೆ ಕೊಡಲಿಲ್ಲ. ಬಿಸಿಯಾದ ಮೇಲೆ ಐಡಲ್ ಸ್ಕ್ರೂ ತಿರುಗಿಸಿ, ಆಕ್ಸಿಲರೇಟರ್ ಬಿಟ್ಟಾಗ ಚೈನ್ ಪೂರ್ತಿ ನಿಲ್ಲುವಂತೆ ಮಾಡಿದರು. ಬಾರಿನ ತುದಿಯನ್ನು ಹಳೆಯ ರಟ್ಟಿನ ಎದುರು ಹಿಡಿದು ಜೋರು ಮಾಡಿ, ರಟ್ಟಿನ ಮೇಲೆ ಆಯಿಲ್ ಗೆರೆ ಬೀಳುವುದನ್ನು ತೋರಿಸಿದರು. ಕೊನೆಗೆ ಎಂಜಿನ್ ಜೋರಾಗಿ ಓಡುತ್ತಿರುವಾಗಲೇ ಮುಂದಿನ ಹಸ್ತರಕ್ಷಕವನ್ನು ಮುಂದಕ್ಕೆ ತಳ್ಳಿ, ಚೈನ್ ತಕ್ಷಣ ನಿಲ್ಲುತ್ತದೆಯೇ ಎಂದು ಮೂರು ಸಲ ಪರೀಕ್ಷಿಸಿದರು. ಬಾರಿನ ತುದಿ ಮರಕ್ಕೆ ತಾಗಿ ಯಂತ್ರ ಮುಖದ ಕಡೆಗೆ ಚಿಮ್ಮಿದಾಗ ಕಾಪಾಡುವುದು ಆ ಬ್ರೇಕ್ ಒಂದೇ. ವರ್ಷಗಟ್ಟಲೆ ನಿಂತ ಯಂತ್ರದಲ್ಲಿ ಅದರ ಪಟ್ಟಿ ತುಕ್ಕು ಹಿಡಿದಿರುವುದು, ಜಿಡ್ಡು ಕೂತು ಜಾರುವುದು ಸಾಮಾನ್ಯ. ಎಂಜಿನ್ ಓಡಿತು ಎಂಬ ಖುಷಿಯಲ್ಲಿ ಇದನ್ನು ನೋಡದೆ ಕೊಟ್ಟು ಕಳಿಸುವ ಅಂಗಡಿಯನ್ನು ನಾನು ನಂಬಲಾರೆ.

ಒಟ್ಟು 2,260 ರೂಪಾಯಿ ಆಯಿತು: ಡಯಾಫ್ರಾಮ್ ಕಿಟ್‌ಗೆ 420, ಪೈಪಿಗೆ 180, ಫಿಲ್ಟರಿಗೆ 150, ಪ್ಲಗ್ಗಿಗೆ 160, ಚೈನ್ ಹರಿತಕ್ಕೆ 150, ಕೂಲಿ 1,200. ತೆಗೆದ ಹಳೆಯ ಭಾಗಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಕೊಟ್ಟರು. ಇದು ನನಗೆ ಬಹಳ ಹಿಡಿಸಿತು.

ಕೊರತೆಗಳನ್ನೂ ಹೇಳಬೇಕು, ಮತ್ತು ಅವು ಸಣ್ಣವಲ್ಲ. ನಾಲ್ಕು ದಿನ ಎಂದದ್ದು ಹನ್ನೊಂದು ದಿನವಾಯಿತು. ಬೇಕಾದ ಭಾಗಗಳು ಬರಲು ತಡವಾದದ್ದು ಅವರ ತಪ್ಪಲ್ಲದಿರಬಹುದು. ಆದರೆ ತಡವಾಗುತ್ತದೆ ಎಂದು ತಿಳಿಸಬಹುದಿತ್ತು. ಫೋನ್ ಎತ್ತುವುದಿಲ್ಲ, ಎತ್ತಿದರೂ ಎಂಜಿನ್ ಸದ್ದಿನಲ್ಲಿ ಏನೂ ಕೇಳಿಸುವುದಿಲ್ಲ. 22 ಕಿಮೀ ದೂರದಿಂದ ಎರಡು ಸಲ ಸುಮ್ಮನೆ ಬಂದು ಹೋದೆ. ಒರಗಿದ್ದ ಮರಗಳಲ್ಲಿ ಒಂದನ್ನು ಅಷ್ಟರಲ್ಲಿ ಪಕ್ಕದ ತೋಟದವರ ಯಂತ್ರ ತಂದು ಕೊಯ್ಸಬೇಕಾಯಿತು. ಬಿಲ್ಲಿನ ವಿವರವನ್ನು ನಾನು ಕೇಳಿದ ಮೇಲೆಯೇ ಚೀಟಿಯಲ್ಲಿ ಬರೆದುಕೊಟ್ಟರು. ಮರಗಸಿಯ ಕಾಲದಲ್ಲಿ ಅವಸರವಾಗಿ ಯಂತ್ರ ಬೇಕಾದವರಿಗೆ ಈ ಅಂಗಡಿ ಒದಗುವುದಿಲ್ಲ; ಕಾಫಿ ಕೊಯ್ಲು ಮುಗಿದ ಕೂಡಲೇ, ಫೆಬ್ರವರಿಯಲ್ಲೇ ಕೊಟ್ಟುಬಿಡಬೇಕು.

ಹಾಗಿದ್ದೂ ಇವರಲ್ಲಿಗೇ ಹೋಗಿ ಎನ್ನುತ್ತೇನೆ. ಉಳಿದ ಸಿಲ್ವರ್ ಓಕನ್ನು ನಮ್ಮ ಯಂತ್ರವೇ ಒಂದು ಬೆಳಿಗ್ಗೆಯಲ್ಲಿ ತುಂಡರಿಸಿತು. ಬಾರಿನಿಂದ ಉದುರಿದ್ದು ಹಿಟ್ಟಿನಂಥ ಹುಡಿಯಲ್ಲ, ಉಗುರಿನಗಲದ ಚಕ್ಕೆ. ಚೈನ್ ಹರಿತವಾಗಿದೆ ಎಂಬುದಕ್ಕೆ ಅದೇ ಗುರುತು. ಇಕ್ಕಟ್ಟಿನಲ್ಲಿ ನಿಂತಿದ್ದ ಎರಡು ಕಾಫಿ ಗಿಡಗಳನ್ನು ಬಿಟ್ಟರೆ ಮಿಕ್ಕವೆಲ್ಲ ಉಳಿದವು.

ಯಂತ್ರ ತೆಗೆದುಕೊಂಡು ಹೊರಟಾಗ ಅವರು ಹೇಳಿದ್ದನ್ನು ಮಳೆಗಾಲಕ್ಕೆ ಮುಂಚೆ ಹಾಗೆಯೇ ಮಾಡಿದೆ. ಟ್ಯಾಂಕ್ ಬರಿದು ಮಾಡಿ, ತಾನಾಗಿ ನಿಲ್ಲುವವರೆಗೆ ಓಡಿಸಿ ಕಾರ್ಬೊರೇಟರ್ ಒಣಗಿಸಿದೆ. ಪ್ಲಗ್ ತೂತಿನಲ್ಲಿ ಸ್ವಲ್ಪ ಆಯಿಲ್ ಬಿಟ್ಟು ಎರಡು ಸಲ ನಿಧಾನವಾಗಿ ಹಗ್ಗ ಎಳೆದೆ. ಚೈನ್ ಬಿಚ್ಚಿ ಆಯಿಲಿನಲ್ಲಿ ಅದ್ದಿಟ್ಟೆ. ಯಂತ್ರವನ್ನು ಗೋದಾಮಿಗೆ ಹಾಕದೆ ಅಡುಗೆಮನೆಯ ಒಲೆಯ ಗೋಡೆಗೆ ತಾಗಿದ ಕೋಣೆಯಲ್ಲಿ, ಸೈಲೆನ್ಸರಿನ ಬಾಯಿಗೂ ಕವಚದ ಸಂದಿಗೂ ಹುಳು ಹೋಗದಂತೆ ಬಟ್ಟೆ ಸುತ್ತಿ ಇಟ್ಟೆ. ಅಕ್ಟೋಬರ್ ಮೊದಲ ವಾರ ಬಟ್ಟೆ ಬಿಚ್ಚಿ ಹೊಸ ಮಿಶ್ರಣ ಹಾಕಿದಾಗ, ಐದನೆಯ ಎಳೆತಕ್ಕೆ ಕೆಮ್ಮಿ ಆರನೆಯದಕ್ಕೆ ಓಡಿತು.